ಪಕ್ಕದ ಸೀಟಿನ ಮೇಷ್ಟ್ರು

ಕಾರು ಓಡಿಸುವುದನ್ನು ನಾನು ಇದುವರೆಗೆ ನಾನೂರಕ್ಕೂ ಹೆಚ್ಚು ಜನಕ್ಕೆ ಕಲಿಸಿದ್ದೇನೆ. ನನಗೆ ಕಾರು ಓಡಿಸಲು ಬರುವುದಿಲ್ಲ.

ಮೊದಲು ಬರುತ್ತಿತ್ತು. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ನದಿಯ ದೊಡ್ಡ ಸೇತುವೆಯ ಮೇಲೆ ಒಬ್ಬನೇ ಹೋಗುತ್ತಿದ್ದೆ. ಯಾರೂ ಅಡ್ಡ ಬರಲಿಲ್ಲ, ಟೈರು ಸಿಡಿಯಲಿಲ್ಲ, ಮಳೆಯೂ ಇರಲಿಲ್ಲ. ಇದ್ದಕ್ಕಿದ್ದಂತೆ ಸೇತುವೆಯೇ ಪಕ್ಕಕ್ಕೆ ಜಾರುತ್ತಿದೆ ಅನಿಸಿತು. ಅಂಗೈ ಒದ್ದೆಯಾಯಿತು, ಬೆರಳು ಜೋಮು ಹಿಡಿದವು, ಕಾರು ಮುಂದೆ ಹೋಗುತ್ತಿದೆಯೋ ಕಂಬಿಯ ಕಡೆ ಹೋಗುತ್ತಿದೆಯೋ ತಿಳಿಯದೆ ನಟ್ಟ ನಡುವೆ ನಿಲ್ಲಿಸಿಬಿಟ್ಟೆ. ಟ್ರಾಫಿಕ್ ಪೊಲೀಸ್ ಒಬ್ಬ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ, ತಾನೇ ಓಡಿಸಿ, ಆ ತುದಿಯಲ್ಲಿ ಇಳಿಸಿ, "ಬಿಪಿ ಚೆಕ್ ಮಾಡಿಸ್ಕೊಳ್ರೀ" ಅಂದ. ಮಾಡಿಸಿದೆ. ಬಿಪಿ ಸರಿಯಾಗಿತ್ತು. ಕಾಯಿಲೆ ಇದ್ದಿದ್ದರೆ ಧೈರ್ಯವಾದರೂ ಬರುತ್ತಿತ್ತು. ಕಾರಣವೇ ಇಲ್ಲದ ಭಯಕ್ಕೆ ಔಷಧಿ ಎಲ್ಲಿಂದ ತರುವುದು? ಅಂದಿನಿಂದ ಆ ಸೀಟಿನಲ್ಲಿ ಕೂತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಹೇಳದೆ ಹೇಗೆ ನಡೆಯಿತು ಅಂದರೆ, ನನ್ನ ಕೆಲಸವೇ ಹಾಗಿದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಜಾಗ ಪಕ್ಕದ ಸೀಟು. ಅಲ್ಲಿ ನನ್ನ ಕಾಲ ಕೆಳಗೇ ಒಂದು ಕ್ಲಚ್ಚು, ಒಂದು ಬ್ರೇಕು ಇವೆ. ಕಲಿಯುವವರು ಎಷ್ಟೇ ಎಡವಟ್ಟು ಮಾಡಲಿ, ನನ್ನ ಬಲಗಾಲು ಒಂದು ಮಾತು ಹೇಳಿದರೆ ಗಾಡಿ ನಿಲ್ಲುತ್ತದೆ. ಆ ಸೀಟಿನಲ್ಲಿ ನಾನು ರಾಜ. "ಒಂದ್ಸಲ ಓಡಿಸಿ ತೋರಿಸಿ ಸಾರ್" ಅಂತ ಯಾರಾದರೂ ಕೇಳಿದರೆ, "ನೋಡಿ ಕಲಿಯೋ ವಿದ್ಯೆ ಅಲ್ಲಮ್ಮಾ ಇದು, ಮಾಡಿ ಕಲಿಯೋದು" ಅನ್ನುತ್ತೇನೆ. ನಮ್ಮ ಮಾಲೀಕರು ಅದನ್ನೇ ಬೋರ್ಡಿನ ಮೇಲೆ ಬರೆಸಿದ್ದಾರೆ. ಮನೆಯಿಂದ ಸ್ಕೂಲಿಗೆ ನಡೆದೇ ಹೋಗುತ್ತೇನೆ. ಆರೋಗ್ಯದ ಕಾಳಜಿ ಅಂತ ಬೀದಿಯವರೆಲ್ಲ ನನ್ನನ್ನು ತೋರಿಸಿ ತಮ್ಮ ಗಂಡಂದಿರಿಗೆ ಬುದ್ಧಿ ಹೇಳುತ್ತಾರೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಈ ಹಲ್ಲಿ ಬಿದ್ದು ಆರು ವರ್ಷವಾದರೂ ಶಕುನ ಹೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಜನ ಚಾಲಕ ಅಂದುಕೊಂಡಿದ್ದರು, ನಾನು ಬರೀ ಚಾಲಾಕಿ.

ಎಲ್ಲ ಸರಿಯಾಗೇ ನಡೆಯುತ್ತಿತ್ತು, ನಮ್ಮ ಅತ್ತೆಗೆ ಸಮುದ್ರ ನೋಡುವ ಆಸೆ ಬರುವವರೆಗೆ.

ಹೆಂಡತಿಯ ತಮ್ಮ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಅವನ ಅಪ್ಪನ ಕಾಲದ್ದು. ಅಲ್ಲಿ ಹಿಂದಿನ ಗೋಡೆಯ ಉದ್ದಕ್ಕೂ ಒಂದು ಬಣ್ಣದ ಪರದೆ ಇದೆ. ಒಂದು ಕಡೆ ಬೆಟ್ಟ, ಒಂದು ಕಡೆ ನೀಲಿ ಕಡಲು, ನಡುವೆ ಹಾವಿನಂತೆ ಸುತ್ತಿಕೊಂಡು ಹೋಗುವ ರಸ್ತೆ. ಮೂವತ್ತು ವರ್ಷದಿಂದ ಊರಿನ ಅರ್ಧ ಜನ ಆ ರಸ್ತೆಯ ಮುಂದೆ ಸ್ಟೂಲಿನ ಮೇಲೆ ಕೂತು ಹಲ್ಲು ಬಿಟ್ಟಿದ್ದಾರೆ. ಅದು ನಿಜವಾದ ರಸ್ತೆಯಂತೆ. ಮಾವ ಬದುಕಿದ್ದಾಗ ಯಾವುದೋ ಕ್ಯಾಲೆಂಡರಿನ ಚಿತ್ರ ನೋಡಿ ಬರೆಸಿದ್ದರಂತೆ.

ಒಂದು ಭಾನುವಾರ ಅತ್ತೆ ಆ ಪರದೆಯ ಧೂಳು ಒರೆಸುತ್ತಾ, "ಇಷ್ಟು ವರ್ಷ ಇದರ ಧೂಳು ಹೊಡ್ದೆ. ಒಂದ್ಸಲ ಇದರ ಗಾಳಿ ಕುಡೀಬೇಕು ಕಣೋ" ಅಂದರು.

ಅಷ್ಟೇ. ಭಾವಮೈದ ಮರುದಿನವೇ ಉದ್ದನೆಯ ನಕ್ಷೆಯೊಂದನ್ನು ತಂದು ಪರದೆಯ ಪಕ್ಕದಲ್ಲಿ ಅಂಟಿಸಿದ. ಅದರ ಮೇಲೆ ಹಳದಿ, ಗುಲಾಬಿ ಚೀಟಿಗಳು. ಹಳದಿ ಅಂದರೆ ಫೋಟೋ ತೆಗೆಯುವ ಜಾಗ, ಗುಲಾಬಿ ಅಂದರೆ ಬಾತ್‌ರೂಮು ಇರುವ ಜಾಗ. ತನಗೆ ತಾನೇ ಟೂರ್ ಮ್ಯಾನೇಜರ್ ಅಂತ ಹೆಸರಿಟ್ಟುಕೊಂಡ. ಹೊರಡುವುದು ಮುಂದಿನ ಶನಿವಾರ ಬೆಳಿಗ್ಗೆ. ಅತ್ತೆ, ನನ್ನ ಹೆಂಡತಿ, ಹನ್ನೊಂದು ವರ್ಷದ ನನ್ನ ಮಗಳು, ಅವನು, ಒಟ್ಟು ನಾಲ್ಕು ಜನ. ಐದನೆಯವನು ನಾನು, ಓಡಿಸುವವನು. ಇದನ್ನು ಯಾರೂ ನನ್ನನ್ನು ಕೇಳಲಿಲ್ಲ. ಅಡುಗೆಯವರ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಅಂತ ಕೇಳುತ್ತಾರೆಯೇ?

"ಒಬ್ಬ ಡ್ರೈವರ್ ಇಟ್ಕೊಳ್ಳೋಣ ಕಣೋ. ನಾನೂ ಆರಾಮಾಗಿ ಸಮುದ್ರ ನೋಡ್ಬಹುದು" ಅಂದೆ.

"ಭಾವ, ಜೋಕ್ ಮಾಡ್ಬೇಡಿ" ಅಂದ ಅವನು. "ಡ್ರೈವರ್‌ಗಳನ್ನ ಹುಟ್ಟಿಸೋರು ನೀವು. ನಿಮ್ಮನ್ನ ಹಿಂದೆ ಕೂರಿಸ್ಕೊಂಡು ಅವನು ಓಡಿಸಿದ್ರೆ ಪಾಪ, ಅವನ ಕೈ ನಡುಗುತ್ತೆ."

"ನೀನೇ ಓಡಿಸು ಹಾಗಾದ್ರೆ."

"ನನ್ನನ್ನ ಮೂರು ಸಲ ಫೇಲ್ ಮಾಡ್ಸಿದ್ದು ನೀವೇ!"

ನಿಜ. ಅವನು ರಸ್ತೆ ನೋಡುವುದಿಲ್ಲ, ರಸ್ತೆಯ ಬೆಳಕು ನೋಡುತ್ತಾನೆ. ಹೆಂಡತಿಯಂತೂ ಕಲಿಯಲೇ ಇಲ್ಲ. ಮನೆಯಲ್ಲೇ ಮೇಷ್ಟ್ರು ಇದ್ದಾರಲ್ಲ, ಯಾವಾಗ ಬೇಕಾದರೂ ಕಲಿಯಬಹುದು ಅಂತ ಹದಿನಾಲ್ಕು ವರ್ಷ ಕಳೆದಿದ್ದಾಳೆ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವವಳು.

ಅವತ್ತಿನಿಂದ ದಿನಾ ಸಂಜೆ ಸ್ಟುಡಿಯೋದಲ್ಲಿ ಸಭೆ. ಅವನಿಗದು ಪ್ಲಾನು, ನನಗೆ ಪ್ರಾಣ. ನಾನು ಕೂರುವ ಸ್ಟೂಲು ಸರಿಯಾಗಿ ಪರದೆಯ ದೊಡ್ಡ ತಿರುವಿನ ಎದುರಿಗಿತ್ತು. ಬರೆದವನು ತಡೆಗೋಡೆ ಬರೆದಿರಲಿಲ್ಲ. ರಸ್ತೆ ಮುಗಿದ ಕಡೆ ನೇರವಾಗಿ ನೀಲಿ ಬಣ್ಣ. ಅವರೆಲ್ಲ ಮಾತಾಡುತ್ತಿದ್ದರೆ ನನಗೆ ಆ ತಿರುವಿನಲ್ಲಿ ಒಂದು ಕಾರು ಕಾಣುತ್ತಿತ್ತು. ಒಳಗೆ ಹಿಂದಿನ ಸೀಟಿನಲ್ಲಿ ನನ್ನ ಮಗಳು ಕಿಟಕಿಗೆ ಮೂಗು ಒತ್ತಿಕೊಂಡು ಕೂತಿರುತ್ತಿದ್ದಳು. ಸ್ಟೀರಿಂಗ್ ಹಿಡಿದವನ ಬೆರಳು ಜೋಮು ಹಿಡಿದಿರುತ್ತಿದ್ದವು.

ಮಂಗಳವಾರ ಯಾವ ತುದಿಯಿಂದ ಹೊರಡುವುದು ಅನ್ನುವ ಜಗಳ.

"ಬಂದರಿನ ಕಡೆಯಿಂದ ಹೊರಟ್ರೆ ನಾವು ಬೆಟ್ಟದ ಪಕ್ಕಕ್ಕಿರ್ತೀವಿ. ಅದೇ ಒಳ್ಳೇದು" ಅಂದೆ.

"ಏನ್ ಒಳ್ಳೇದು? ಬೆಟ್ಟದ ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಅಂದಳು ಹೆಂಡತಿ. "ದೀಪಸ್ತಂಭದ ಕಡೆಯಿಂದ ಹೊರಟ್ರೆ ಸಮುದ್ರ ನಮ್ಮ ಕಿಟಕಿ ಕೆಳಗೇ ಇರುತ್ತಂತೆ ರೀ."

"ಕಿಟಕಿ ಕೆಳಗೆ ಅಂದ್ರೆ ಎಷ್ಟು ಕೆಳಗೆ?"

"ಮುನ್ನೂರು ಅಡಿ" ಅಂದ ಭಾವಮೈದ ಹೆಮ್ಮೆಯಿಂದ, ತಾನೇ ಅಗೆದವನಂತೆ.

ಆಗ ನಾನು ಏನು ಮಾಡಬೇಕಿತ್ತು? ನನಗೆ ಆಗಲ್ಲ ಅನ್ನಬೇಕಿತ್ತು. ಎರಡೇ ಪದ. ಬದಲಿಗೆ ನಾವು ತಂಗಬೇಕಿದ್ದ ವಸತಿಗೃಹದ ಮ್ಯಾನೇಜರು ಮೂಗಿನಲ್ಲಿ ಮಾತಾಡುವುದನ್ನು ಅಣಕಿಸಿದೆ. ಭಾವಮೈದ ಸೋಮವಾರ ಅವನಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದ್ದ. ಆ ಮನುಷ್ಯ ಪ್ರತಿ ಮಾತಿಗೂ "ಅಂತೀನಿ" ಸೇರಿಸುತ್ತಿದ್ದ. "ಮುನ್ನೂರು ಅಡಿ ಅಂತೀನಿ, ಬಿದ್ರೆ ಬಾಡಿಗೆ ವಾಪಸ್ ಇಲ್ಲ ಅಂತೀನಿ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಗಳಿಗೆ ಬಿಕ್ಕಳಿಕೆಯೇ ಬಂತು. ನಮ್ಮ ಮನೆಯಲ್ಲಿ ಹೀಗೇ. ಭಯ ಬಂದಾಗಲೆಲ್ಲ ನಾನು ಇನ್ನೊಬ್ಬರ ದನಿಯೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತೇನೆ, ಹೊರಗಿನವರು ಚಪ್ಪಾಳೆ ತಟ್ಟುತ್ತಾರೆ.

ಆ ನಗುವೇ ನನಗೆ ಕೆಟ್ಟ ಉಪಾಯ ಕೊಟ್ಟಿತು.

ಬುಧವಾರ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಆಫೀಸಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅಲ್ಲಿಯ ಹಳೇ ಫೋನಿನಿಂದ ಸ್ಟುಡಿಯೋದ ಹಳೇ ಫೋನಿಗೆ ಮಾಡಿದೆ. ಅದರಲ್ಲಿ ನಂಬರು ಕಾಣುವುದಿಲ್ಲ. ಮೂಗು ಹಿಡಿದುಕೊಂಡೆ.

"ನಮಸ್ಕಾರ ಅಂತೀನಿ. ನಾನು ವಸತಿಗೃಹದ ಮ್ಯಾನೇಜರು. ನಿಮ್ಗೊಂದು ಬೇಸರದ ಸುದ್ದಿ ಅಂತೀನಿ. ಕಡಲ ರಸ್ತೇಲಿ ಗುಡ್ಡ ಕುಸಿದಿದೆ. ಹದಿನೈದು ದಿನ ಗಾಡಿ ಬಿಡಲ್ಲ ಅಂತೀನಿ."

"ಅಯ್ಯೋ, ಯಾರಿಗಾದ್ರೂ ಏನಾದ್ರೂ ಆಯ್ತಾ ಸಾರ್?" ಅಂದ ಭಾವಮೈದ. ಅವನು ಮೊದಲು ಕೇಳಿದ್ದು ಅದು. ನನಗೆ ನಾಚಿಕೆಯಾಯಿತು. ಆದರೂ ಫೋನಿಟ್ಟ ಮೇಲೆ ಮೂರು ದಿನದಲ್ಲಿ ಮೊದಲ ಸಲ ಪೂರ್ತಿ ಉಸಿರು ಎಳೆದುಕೊಂಡೆ. ಅವನು ಟೂರ್ ಮ್ಯಾನೇಜರಾದರೆ ನಾನು ಟೂರ್ ಡ್ಯಾಮೇಜರ್ ಅಂತ ನನಗೆ ನಾನೇ ಹೇಳಿಕೊಂಡು ನಕ್ಕೆ ಕೂಡ.

ಸಂಜೆ ಸ್ಟುಡಿಯೋಗೆ ಮುಖ ಸಪ್ಪೆ ಮಾಡಿಕೊಂಡು ಹೋದರೆ, ಅವನ ಮುಖ ಫ್ಲ್ಯಾಶ್ ಹೊಡೆದ ಹಾಗೆ ಹೊಳೆಯುತ್ತಿತ್ತು.

"ಭಾವ, ಕೆಟ್ಟದ್ರಲ್ಲೂ ಒಳ್ಳೇದಾಯ್ತು! ಗುಡ್ಡ ಕುಸಿದಿದ್ಯಂತೆ. ಅದಕ್ಕೇ ಬೇರೆ ದಾರಿ ಇದ್ಯಾ ಅಂತ ನಕ್ಷೇಲಿ ಹುಡುಕ್ದೆ. ಇದೆ! ಹಳೇ ಮೇಲ್ರಸ್ತೆ. ಹೊಸ ರಸ್ತೆ ಆಗೋಕೆ ಮುಂಚೆ ಇದ್ದಿದ್ದು. ನೋಡಿ, ಈ ಪರದೇಲಿರೋದೇ ಅದು! ತಿರುವುಗಳನ್ನ ಎಣಿಸಿ ನೋಡ್ದೆ, ಒಂದೊಂದೂ ತಾಳೆಯಾಗುತ್ತೆ. ಅಪ್ಪ ಬರೆಸಿದ್ದು ಹೊಸ ರಸ್ತೆ ಅಲ್ಲವೇ ಅಲ್ಲ."

ಅತ್ತೆ ಕಣ್ಣೊರೆಸಿಕೊಂಡರು. "ಅವ್ರೇ ದಾರಿ ತೋರಿಸಿದ ಹಾಗಾಯ್ತು ಕಣೋ."

ನಕ್ಷೆಯ ಹತ್ತಿರ ಹೋಗಿ ಬಗ್ಗಿ ನೋಡಿದೆ. "ಎಷ್ಟು ಅಗಲ ಇದೆ ಅದು?"

"ಒಂದು ಗಾಡಿ ಹೋಗುತ್ತೆ. ಎದುರಿಗೆ ಇನ್ನೊಂದು ಬಂದ್ರೆ ಯಾರಾದ್ರೂ ಒಬ್ರು ತಿರುವಿನವರೆಗೂ ರಿವರ್ಸ್ ಹೋಗ್ಬೇಕು. ಅದೇನ್ ನಿಮಗೆ ಎಡಗೈ ಕೆಲ್ಸ! ತಡೆಗೋಡೆನೂ ಇಲ್ಲ ಭಾವ. ಫೋಟೋಗೆ ಏನೂ ಅಡ್ಡ ಬರಲ್ಲ."

ಹೆದರಿದವನ ಮೇಲೆ ಹಾವು ಹಾಕಿದ ಹಾಗಾಯಿತು. ಆ ಹಾವನ್ನು ಹಿಡಿದು ಕೊಟ್ಟವನೂ ನಾನೇ. ಎರಡು ದೊಡ್ಡ ಗಾಡಿ ಓಡಾಡುವ, ಎದೆಯೆತ್ತರ ಗೋಡೆ ಇರುವ ರಸ್ತೆಯನ್ನು ನಾನೇ ಮುಚ್ಚಿಸಿ, ನನ್ನ ಮಗಳನ್ನು ಗೋಡೆಯಿಲ್ಲದ ರಸ್ತೆಗೆ ಏರಿಸಿದ್ದೆ.

ಮನೆಗೆ ಹೋಗುವಾಗ ಹೆಂಡತಿ, "ಯಾಕ್ರೀ ಕೈ ಇಷ್ಟು ತಣ್ಣಗಿದೆ?" ಅಂದಳು. ಅವಳು ಕೈ ಹಿಡಿದರೆ ಮೊದಲು ನರ ಹುಡುಕುತ್ತಾಳೆ, ಆಮೇಲೆ ಪ್ರೀತಿ. ಚಳಿ ಅಂದೆ.

ಗುರುವಾರ ಬೆಳಿಗ್ಗೆ ಮತ್ತೆ ಮೂಗು ಹಿಡಿದೆ.

"ನಮಸ್ಕಾರ ಅಂತೀನಿ. ಒಳ್ಳೇ ಸುದ್ದಿ. ಗುಡ್ಡದ ಮಣ್ಣೆಲ್ಲ ತೆಗೆದ್ರು. ರಸ್ತೆ ತೆರೆದಿದೆ ಅಂತೀನಿ."

"ಇಷ್ಟು ಬೇಗನಾ? ತುಂಬಾ ಥ್ಯಾಂಕ್ಸ್ ಸಾರ್. ಆದ್ರೆ ನಾವು ಹಳೇ ಮೇಲ್ರಸ್ತೇಲೇ ಬರೋದು ಅಂತ ತೀರ್ಮಾನ ಆಗಿದೆ."

"ಬೇಡ ಅಂತೀನಿ! ಅದು ಅಪಾಯ ಅಂತೀನಿ!"

"ಅಪಾಯ ಬೇರೆಯವರಿಗೆ ಸಾರ್. ನಮ್ಮ ಭಾವ ಓಡಿಸೋದು. ಅವ್ರ ಕೈಲಿ ಸ್ಟೀರಿಂಗ್ ಇದ್ರೆ ನಾನು ಹಿಂದೆ ಕಣ್ಮುಚ್ಚಿ ನಿದ್ದೆ ಮಾಡ್ತೀನಿ. ನಮ್ಮಪ್ಪ ಹೋದ್ಮೇಲೆ ನಮ್ಮನೇಲಿ ಧೈರ್ಯ ಅಂದ್ರೆ ಅವ್ರೇ."

"ಸರಿ ಅಂತೀನಿ" ಅಂತ ಫೋನಿಟ್ಟೆ. ಬೇರೆಯವನ ವೇಷದಲ್ಲಿ ನಿಂತು ನನ್ನ ಹೊಗಳಿಕೆಯನ್ನು ಕೇಳಿದರೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ನನ್ನ ಹೆಸರಿನ ಇನ್ನೊಬ್ಬನಿಗೆ ಬರೆದ ಕಾಗದವನ್ನು ಕದ್ದು ಓದಿದ ಹಾಗೆ ಅನಿಸಿತು.

ಅದೇ ಸಂಜೆ ಬಾಡಿಗೆ ಕಾರು ಸ್ಟುಡಿಯೋ ಬಾಗಿಲಿಗೆ ಬಂತು. ಬೆಳ್ಳಗಿನ, ಏಳು ಸೀಟಿನ, ಒಂದು ಸಣ್ಣ ಮನೆಯಷ್ಟು ದೊಡ್ಡ ಕಾರು. ಭಾವಮೈದ ಕೀಲಿಯನ್ನು ನನ್ನ ಅಂಗೈಗೆ ಹಾಕಿ ಬೆರಳು ಮಡಚಿದ.

"ಇವತ್ತು ನಿಮ್ಮನೆಗೆ ತಗೊಂಡು ಹೋಗಿ. ಎರಡು ದಿನ ಕೈ ಪಳಗಿಸ್ಕೊಳ್ಳಿ. ನಾನು ಬಾಗಿಲು ಹಾಕ್ಕೊಂಡು ಹಳೇ ಸಣ್ಣ ಸೇತುವೆ ಮೇಲಿಂದ ಸ್ಕೂಟರ್‌ನಲ್ಲಿ ಬರ್ತೀನಿ."

"ನಾಳೆ ಬೆಳಿಗ್ಗೆ ತಗೊಂಡ್ರಾಯ್ತು" ಅನ್ನುವಷ್ಟರಲ್ಲಿ ಅತ್ತೆ ಪಕ್ಕದ ಸೀಟು ಹತ್ತಿ ಬೆಲ್ಟು ಎಳೆದುಕೊಂಡಾಗಿತ್ತು. "ಬನ್ನಿ ಅಳಿಯಂದ್ರೇ. ಸಾರಥಿ ಪಕ್ಕ ಕೂತು ನೋಡೇ ಬಿಡೋಣ."

ಮನೆಗೂ ಸ್ಟುಡಿಯೋಗೂ ನಡುವೆ ಅದೇ ಸೇತುವೆ. ನಡೆದು ಹೋಗುವಾಗ ಅದು ಸಾಧು.

ನಾನು ಹತ್ತಿದೆ. ಯಾಕೆ ಹತ್ತಿದೆ ಅಂತ ಈಗ ಕೇಳಿದರೆ, ಅತ್ತೆಯ ಎದುರಿಗೆ ಇಳಿಯುವುದಕ್ಕಿಂತ ಹತ್ತುವುದು ಸುಲಭವಾಗಿತ್ತು ಅನ್ನುತ್ತೇನೆ. ಬೀದಿಯಲ್ಲಿ ಪರವಾಗಿರಲಿಲ್ಲ. ಎರಡು ಕಡೆ ಅಂಗಡಿಗಳು ಗೋಡೆಯ ಹಾಗೆ ನಿಂತು ಧೈರ್ಯ ಹೇಳಿದವು. ಎರಡನೇ ಗೇರು ಹಾಕಿದೆ. ಅತ್ತೆ ಏನೋ ಹೇಳುತ್ತಿದ್ದರು, ಪ್ರಯಾಣಕ್ಕೆ ಎರಡು ಶಾಲು ಸಾಕೋ ಮೂರು ಬೇಕೋ ಅಂತ. ಆಮೇಲೆ ಅಂಗಡಿಗಳು ಮುಗಿದವು.

ಸೇತುವೆಯ ಮೇಲೆ ಮೊದಲ ಕಂಬ ದಾಟಿದ ಕೂಡಲೇ ಶುರುವಾಯಿತು. ಕಂಬಿಗಳ ನಡುವೆ ನೀರು ತುಂಡು ತುಂಡಾಗಿ ಹಿಂದಕ್ಕೆ ಓಡುತ್ತಿತ್ತು. ಅಂಗೈ ಒದ್ದೆ. ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ. ಇಡೀ ರಸ್ತೆ ಮೆಲ್ಲಗೆ ನದಿಯ ಕಡೆ ವಾಲಿತು. ವಾಲಿಲ್ಲ ಅಂತ ನನಗೆ ಗೊತ್ತು. ಗೊತ್ತಿದ್ದು ಏನೂ ಪ್ರಯೋಜನವಾಗಲಿಲ್ಲ. ಬ್ರೇಕ್ ಒತ್ತಿದೆ. ಎಂಜಿನ್ನು ಕೆಮ್ಮಿ ಸತ್ತುಹೋಯಿತು. ನಟ್ಟ ನಡುವೆ, ಆರು ವರ್ಷದ ಹಿಂದೆ ನಿಂತ ಜಾಗಕ್ಕೆ ಹತ್ತು ಹೆಜ್ಜೆಯೂ ದೂರವಿರಲಿಲ್ಲ.

"ಯಾಕೆ ನಿಲ್ಲಿಸಿದ್ರಿ? ಕಲ್ಲು ಸಿಕ್ತಾ?"

ಬಾಯಿ ತೆರೆದೆ, ದನಿ ಬರಲಿಲ್ಲ. ಯಾರ ದನಿಯೂ ಬರಲಿಲ್ಲ. ಹಿಂದೆ ಒಂದು ಬಸ್ಸು ಬಂದು ಬೆನ್ನಿಗೇ ಹಾರ್ನ್ ಹೊಡೆಯಿತು. ಆ ಸದ್ದಿಗೆ ನನಗೆ ಕಣ್ಣು ಕತ್ತಲೆ ಬಂತು. ಅತ್ತೆ ನನ್ನ ಕೈ ನೋಡಿದರು, ಮುಖ ನೋಡಿದರು. ಆಮೇಲೆ ಕಿಟಕಿ ಇಳಿಸಿ ಅರ್ಧ ದೇಹ ಹೊರಗೆ ಹಾಕಿ ಬಸ್ಸಿನವನಿಗೆ ಕೂಗಿದರು: "ಏನಪ್ಪಾ, ಬಸುರಿ ಹೆಂಗ್ಸನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀಯಾ? ಗಾಡಿ ಕೆಟ್ಟಿದೆ, ಕಾಣಲ್ವಾ? ಸುತ್ಕೊಂಡ್ ಹೋಗು!" ಬಸ್ಸು ಸುತ್ತಿಕೊಂಡು ಹೋಯಿತು.

"ಅಳಿಯಂದ್ರೇ, ಈಗ ಇಳಿಯೋ ಹಾಗಿಲ್ಲ, ಗಾಡಿಗಳು ಬರ್ತಾನೇ ಇವೆ. ಓಡಿಸೋಕೆ ನಂಗೆ ಬರಲ್ಲ. ನಿಮ್ಮ ಹತ್ರ ಕಲಿಯೋಕೆ ಬರ್ತಾರಲ್ಲ, ಅವ್ರಿಗೆ ಮೊದಲು ಏನ್ ಹೇಳ್ತೀರಿ?"

"ಕ್ಲಚ್..." ಅಂದೆ.

"ಹಾಂ, ಅದನ್ನ ಮಾಡಿ. ಆಮೇಲೆ?"

ಒಂದೊಂದನ್ನೂ ಅವರು ಕೇಳಿದರು, ಒಂದೊಂದನ್ನೂ ನಾನು ಹೇಳಿದೆ, ಹೇಳಿದ್ದನ್ನು ಕಾಲು ಮಾಡಿತು. ಮೊದಲನೇ ಗೇರಿನಲ್ಲಿ, ಪಾದಚಾರಿಗಳು ನಮ್ಮನ್ನು ಹಿಂದೆ ಹಾಕುವ ವೇಗದಲ್ಲಿ ಸೇತುವೆಯ ಆ ತುದಿ ತಲುಪಿದೆವು. ನನ್ನ ಕಣ್ಣು ಅತ್ತೆಯ ಕೈಯಲ್ಲಿದ್ದ ಚೀಲದ ಮೇಲಿತ್ತೇ ಹೊರತು ರಸ್ತೆಯ ಮೇಲಿರಲಿಲ್ಲ ಅನ್ನುವುದನ್ನು ನಾನು ಇವತ್ತಿಗೂ ಅವರಿಗೆ ಹೇಳಿಲ್ಲ. ಮೊದಲು ಸಿಕ್ಕ ಅಂಗಡಿಯ ಮುಂದೆ ಓರೆಯಾಗಿ ನಿಲ್ಲಿಸಿ, ಬಾಗಿಲು ತೆಗೆದು, ಚರಂಡಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

ಅಲ್ಲೇ ಕೂತು ಅತ್ತೆಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು ನನ್ನ ಬೆನ್ನು ಸವರಿದರು.

"ಇಷ್ಟೇ ತಾನೇ? ಬಂದ್ರಲ್ಲ ಸೇತುವೆ ದಾಟಿ! ಭಯ ಅನ್ನೋದು ಬೀದಿನಾಯಿ ಇದ್ದ ಹಾಗೆ, ಓಡಿದ್ರೆ ಅಟ್ಟಿಸ್ಕೊಂಡು ಬರುತ್ತೆ. ಯಾರಿಗೂ ಹೇಳ್ಬೇಡಿ. ನಾನೂ ಹೇಳಲ್ಲ. ಶನಿವಾರ ನಿಮ್ಮ ಪಕ್ಕ ನಾನೇ ಕೂರ್ತೀನಿ. ಹೀಗೇ ಒಂದೊಂದೇ ಕೇಳ್ತೀನಿ, ನೀವು ಓಡಿಸಿ. ಅವ್ರು ತೋರಿಸಿದ ದಾರಿ ಅದು, ಏನೂ ಆಗಲ್ಲ."

ಒಂದು ಕ್ಷಣ ನನಗೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಗುಟ್ಟು ಉಳಿಯುತ್ತದೆ, ಮರ್ಯಾದೆ ಉಳಿಯುತ್ತದೆ. ಆಮೇಲೆ ಆ ಮೇಲ್ರಸ್ತೆ ಕಣ್ಣಿಗೆ ಬಂತು. ಎದುರಿನಿಂದ ಒಂದು ಗಾಡಿ, ಹಿಂದೆ ತಿರುವು, ರಿವರ್ಸು, ಗೋಡೆಯಿಲ್ಲ. ಪಕ್ಕದಲ್ಲಿ ಅತ್ತೆ, "ಹಾಂ, ಆಮೇಲೆ?" ಅನ್ನುತ್ತಿದ್ದಾರೆ. ಹಿಂದೆ ಭಾವಮೈದ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದ್ದಾನೆ. ಸೇತುವೆಯ ಮೇಲೆ ಆದ ಭಯ ಇದರ ಮುಂದೆ ಏನೂ ಅಲ್ಲ. ಇಷ್ಟು ದಿನ ನನ್ನ ಸುಳ್ಳನ್ನು ಕಾಯುವವನು ನಾನೊಬ್ಬನೇ ಇದ್ದೆ. ಈಗ ಪ್ರೀತಿಯಿಂದ ಕಾಯುವವರೊಬ್ಬರು ಸಿಕ್ಕಿದ್ದರು.

ಮನೆಯವರೆಗೆ ಎರಡು ಬೀದಿ ನಡೆದೆವು. ಬಾಗಿಲಲ್ಲೇ ಭಾವಮೈದ ಹೆಲ್ಮೆಟ್ಟು ತೆಗೆಯುತ್ತಿದ್ದ. ಹೆಂಡತಿ ಲ್ಯಾಬಿನ ಬಿಳಿ ಕೋಟು ಮಡಚುತ್ತಿದ್ದಳು. ಮಗಳು ನೀರಿನ ಬಾಟಲಿಗಳಿಗೆ ಹೆಸರು ಅಂಟಿಸುತ್ತಿದ್ದಳು.

"ಗಾಡಿ ಎಲ್ಲಿ ಭಾವ?"

"ಸೇತುವೆ ಹತ್ರ ರಸ್ತೆ ಅಗೆದಿದ್ದಾರೆ ಕಣೋ" ಅಂದರು ಅತ್ತೆ, ನನಗಿಂತ ಮೊದಲು. "ಅಲ್ಲೇ ನಿಲ್ಸಿ ಬಂದ್ವಿ."

"ಅಗೆದಿಲ್ಲ" ಅಂದೆ. "ನನಗೆ ಓಡ್ಸೋಕಾಗ್ಲಿಲ್ಲ. ನನಗೆ ಕಾರು ಓಡಿಸೋಕೆ ಭಯ. ಆರು ವರ್ಷದಿಂದ ಓಡ್ಸಿಲ್ಲ. ಶನಿವಾರ ನಾನು ಓಡ್ಸಲ್ಲ."

ಮಗಳು ಕಿಸಕ್ಕನೆ ನಕ್ಕಳು. ಭಾವಮೈದ ತೊಡೆ ತಟ್ಟಿಕೊಂಡ.

"ಸೂಪರ್ ಭಾವ! ಯಾರಿದು? ಹೊಸ ಸ್ಟೂಡೆಂಟಾ?"

"ಅಲ್ಲ ಮಾಮ, ಇದು ಆ ಬ್ಯಾಂಕ್ ಆಂಟಿ! ರಿವರ್ಸ್ ಮಾಡುವಾಗ ಅಳ್ತಾರಲ್ಲ, ಅವ್ರು. ಅಪ್ಪ, ಇನ್ನೊಂದ್ಸಲ ಮಾಡು!"

ಇಷ್ಟು ವರ್ಷ ಊರಿನವರ ಭಯವನ್ನೆಲ್ಲ ಮನೆಗೆ ತಂದು, ಇವರ ಮುಂದೆ ಮಾಡಿ ತೋರಿಸಿ ನಗಿಸಿದ್ದೆ. ಈಗ ನನ್ನದನ್ನೇ ಮುಂದಿಟ್ಟರೆ ಇದು ಯಾರದ್ದು ಅಂತ ಕೇಳುತ್ತಿದ್ದಾರೆ. "ನಾನು ನಾನೇ. ನಿಜವಾಗ್ಲೂ" ಅಂದೆ. ದನಿ ಒಡೆಯಿತು. ಭಾವಮೈದ ಚಪ್ಪಾಳೆ ತಟ್ಟಿದ. ಅತ್ತೆ ತಲೆ ತಗ್ಗಿಸಿದ್ದರು.

ಹೆಂಡತಿ ಮಾತ್ರ ನಗಲಿಲ್ಲ. ಕೋಟನ್ನು ಕುರ್ಚಿಯ ಮೇಲೆ ಹಾಕಿ ಬಂದು ನನ್ನ ಮಣಿಕಟ್ಟು ಹಿಡಿದಳು. ಕೈಗಡಿಯಾರ ನೋಡುತ್ತಾ ತುಟಿ ಅಲ್ಲಾಡಿಸಿದಳು. ಆ ಅರ್ಧ ನಿಮಿಷ ಮನೆಯಲ್ಲಿ ನಗು ಒಂದೊಂದಾಗಿ ಆರಿತು.

"ನೂರ ಮೂವತ್ತು" ಅಂದಳು. "ಸೂಜಿ ನೋಡಿ ಬಿದ್ದು ಹೋಗೋರಿಗೂ ಇಷ್ಟಿರಲ್ಲ. ಇದು ಮಿಮಿಕ್ರಿ ಅಲ್ಲ. ಕೂತ್ಕೊಳ್ರಿ."

ಕೂತೆ. ಎಲ್ಲ ಹೇಳಿದೆ. ಸೇತುವೆ, ಪೊಲೀಸು, ಬೋರ್ಡಿನ ಮೇಲಿನ ಬರಹದವರೆಗೆ ಹೇಳಿದೆ. ಬಾಯಿ ತೆರೆದ ಮೇಲೆ ಇನ್ನೇನು ಅಂತ ಫೋನಿನ ಕತೆಯನ್ನೂ ಹೇಳಿದೆ.

ಭಾವಮೈದನ ಮುಖ ಕೆಂಪಾಯಿತು. "ಆ ಮ್ಯಾನೇಜರು... ಎರಡು ಸಲನೂ... ನೀವೇನಾ?"

"ಹೂಂ."

"ನಾನು ಅವ್ನ ಹತ್ರ ನಿಮ್ಮ ಬಗ್ಗೆ..." ಅವನು ಮಾತು ನಿಲ್ಲಿಸಿದ. ಅಷ್ಟು ಹೊತ್ತಿನಿಂದ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡು, ಏಕೆ ಹಾಕಿಕೊಂಡೆ ಅಂತ ತಿಳಿಯದೆ ಹಾಗೇ ನಿಂತ. "ಗುಡ್ಡ ಕುಸೀತು ಅಂದಾಗ ನಾನು ಎಷ್ಟು ಹೆದ್ರಿದ್ದೆ ಗೊತ್ತಾ ಭಾವ? ಯಾರ್ ಸತ್ರೋ ಅಂತ. ನಿಮಗೆ ಭಯ ಇದ್ರೆ ಹೇಳ್ಬೇಕಿತ್ತು. ನಿಮ್ಮ ಭಯಾನ ನನಗೆ ಯಾಕೆ ದಾಟಿಸಿದ್ರಿ?"

ಮಗಳು ಹೆಸರು ಅಂಟಿಸಿದ ಬಾಟಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು, ಇದುವರೆಗೆ ಕಾಣದ ಮನುಷ್ಯನನ್ನು ನೋಡುವ ಹಾಗೆ. ರಸ್ತೆಗೆ ಹೆದರಿದ್ದಕ್ಕಿಂತ ಹೆಚ್ಚು ನಾನು ಹೆದರಿದ್ದು ಆ ನೋಟಕ್ಕೆ.

ಅಷ್ಟರಲ್ಲಿ ಭಾವಮೈದನ ಮೊಬೈಲು ಹೊಡೆದುಕೊಂಡಿತು. ಕಾರಿನ ಮಾಲೀಕ. ಗಾಡಿಯ ಮೇಲೆ ಬರೆದ ನಂಬರು ನೋಡಿ ಯಾರೋ ಅಂಗಡಿಯವನು ಫೋನು ಮಾಡಿದ್ದನಂತೆ, ತನ್ನ ಬಾಗಿಲಿಗೆ ಅಡ್ಡ ನಿಂತಿದೆ, ಕೂಡಲೇ ತೆಗೆಯಿರಿ ಅಂತ. ಎಲ್ಲರೂ ಅಭ್ಯಾಸ ಬಲದಿಂದ ನನ್ನ ಕಡೆ ತಿರುಗಿದರು. ಆಮೇಲೆ ಎಲ್ಲರೂ ಬೇರೆ ಬೇರೆ ಕಡೆ ನೋಡಿದರು.

ಐದೂ ಜನ ಹೋದೆವು. ಅಂಗಡಿಯವನು ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. "ಯಾರ್ರೀ ಡ್ರೈವರು? ಹೀಗಾ ನಿಲ್ಸೋದು?"

"ನಾನೇ ನಿಲ್ಸಿದ್ದು. ತೆಗೆಯೋಕೆ ನನಗಾಗಲ್ಲ, ಭಯ ಆಗುತ್ತೆ. ತಳ್ತೀವಿ" ಅಂದೆ. ಅವನು ಸೊಂಟದಿಂದ ಕೈ ತೆಗೆದ.

ಹತ್ತು ಗಜ ಮುಂದೆ ಖಾಲಿ ಜಾಗವಿತ್ತು. ಆದರೆ ಸೇತುವೆ ಇಳಿಯುವ ರಸ್ತೆ ಅದು, ಕೆಳಗೆ ಸಣ್ಣ ಇಳಿಜಾರು, ಅದರ ತುದಿಯಲ್ಲಿ ಬಸ್ಸು ತಿರುಗುವ ವೃತ್ತ. ಹೆಂಡತಿ, ಭಾವಮೈದ, ಮಗಳು ಹಿಂದೆ ಕೈಯಿಟ್ಟರು. ಒಳಗೆ ಯಾರಾದರೂ ಕೂರಬೇಕಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡರು.

"ಕೂರ್ತೀನಿ. ಏನ್ ಮಾಡ್ಬೇಕು ಹೇಳಿ."

ಕಿಟಕಿಯ ಪಕ್ಕ ನಿಂತು ಹೇಳಿದೆ. ಕೀಲಿ ಅರ್ಧ ತಿರುಗಿಸಿ. ಗೇರು ನ್ಯೂಟ್ರಲ್ಲಿಗೆ ತಂದಿದ್ದೇನೆ, ಮುಟ್ಟಬೇಡಿ. ಎಂಜಿನ್ ಓಡದಿದ್ದರೆ ಸ್ಟೀರಿಂಗು ಕಲ್ಲಿನ ಹಾಗಿರುತ್ತದೆ, ಎರಡೂ ಕೈಯಿಂದ ತಿರುಗಿಸಿ. ಬ್ರೇಕೂ ಗಟ್ಟಿ, ಪೂರ್ತಿ ಬಲ ಹಾಕಿ ಒತ್ತಬೇಕು, ಮಧ್ಯದ್ದು. ಹ್ಯಾಂಡ್ ಬ್ರೇಕ್ ಇಳಿಸಿ.

ಕಾರು ಅಲ್ಲಾಡಿತು. ನಾನು ಬಾಗಿಲಿಗೆ ಕೈಯಿಟ್ಟು ಜೊತೆಗೆ ನಡೆದೆ. ನಾಲ್ಕು ಹೆಜ್ಜೆ ಆದ ಮೇಲೆ ತಳ್ಳುವ ಅಗತ್ಯವಿರಲಿಲ್ಲ, ಇಳಿಜಾರೇ ಎಳೆಯತೊಡಗಿತ್ತು. "ಬಿಡ್ರೋ, ಹಿಡ್ಕೊಳ್ರೋ!" ಅಂತ ಎರಡನ್ನೂ ಒಟ್ಟಿಗೆ ಕೂಗಿದೆ. ನಡಿಗೆ ಓಟವಾಯಿತು. ಕೆಳಗೆ ಒಂದು ಬಸ್ಸು ಮೂತಿ ತಿರುಗಿಸುತ್ತಿತ್ತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಆದರೆ ನನ್ನ ಬೆರಳು ಜೋಮು ಹಿಡಿಯಲಿಲ್ಲ.

"ಅತ್ತೆ, ನನ್ನ ಮುಖ ನೋಡ್ಬೇಡಿ, ಮುಂದೆ ನೋಡಿ! ಎಡಕ್ಕೆ, ಇನ್ನೂ ಎಡಕ್ಕೆ! ಈಗ ಮಧ್ಯದ್ದು, ಎರಡೂ ಕಾಲು ಹಾಕಿ, ಎದ್ದು ನಿಂತ್ಕೊಂಡ ಹಾಗೆ ಒತ್ತಿ!"

ಒತ್ತಿದರು. ಕಾರು ಮುಗ್ಗರಿಸಿ, ಖಾಲಿ ಜಾಗವನ್ನು ಅರ್ಧ ದಾಟಿ, ಒಂದು ವಿದ್ಯುತ್ ಕಂಬಕ್ಕೆ ಗೇಣು ದೂರದಲ್ಲಿ ನಿಂತಿತು. ಕಿಟಕಿಯೊಳಗೆ ತೂರಿ ಹ್ಯಾಂಡ್ ಬ್ರೇಕ್ ಎಳೆದೆ. ಹಿಂದಿನಿಂದ ಮೂವರೂ ಏದುಸಿರು ಬಿಡುತ್ತಾ ಓಡಿ ಬಂದರು. ಭಾವಮೈದ ಕಾರಿಗೆ ಒರಗಿ, ನನ್ನನ್ನು ನೋಡದೆ, "ಕಡಲ ರಸ್ತೇಲಿ ಬಸ್ ಓಡಾಡುತ್ತೆ. ಗೋಡೆ ಇರೋ ರಸ್ತೇಲಿ. ಕೇಳಿ ನೋಡ್ತೀನಿ" ಅಂದ. "ನೀವು ಬರೋದು ಬಿಡೋದು ನಿಮಗೆ ಬಿಟ್ಟಿದ್ದು."

ಅತ್ತೆ ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದರು. ಒಂದೊಂದೇ ಬೆರಳನ್ನು ನಾನು ಬಿಡಿಸಬೇಕಾಯಿತು.

"ಅಳಿಯಂದ್ರೇ," ಅಂದರು ಮೆಲ್ಲಗೆ, "ಕಾಲು ನನ್ನ ಮಾತು ಕೇಳ್ತಿಲ್ಲ. ನಿಮಗೆ ಆಗಿದ್ದು ಇದೇನಾ?"

"ಇದೇ."

"ಹಂಗಾದ್ರೆ ನಾನು ಚರಂಡಿ ಹತ್ರ ಕೂತು ಹೇಳಿದ್ದನ್ನೆಲ್ಲ ವಾಪಸ್ ತಗೊಂಡೆ" ಅಂದರು. "ಬಾಗಿಲು ತೆಗೀರಿ, ಇಳೀತೀನಿ."